ಸಭಾ ಕೊಠಡಿಯ ಸ್ಕ್ರೀನ್ ಶೇರಿಂಗ್ ಬಾಕ್ಸ್: ಅಡ್ಮಿನ್ ಪುಟದಲ್ಲಿ ಮಾಡಬೇಕಾದ ಕೆಲಸ

ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಸಾಮಾನು, ಯಂತ್ರದ ಬಿಡಿಭಾಗ ತಯಾರಿಸುವ ಕಾರ್ಖಾನೆಗಳಿಗೆ ಪುಣೆ, ಕೊಲ್ಹಾಪುರ, ಬೆಂಗಳೂರು ಕಡೆಯ ಗಿರಾಕಿಗಳು ಬಂದು ಕುಳಿತರೆ ಮಾತು ಶುರುವಾಗುವುದು ಡ್ರಾಯಿಂಗಿನಿಂದಲೇ. ಮೊದಲು ಅದನ್ನು ಮೇಜಿನ ಮೇಲೆ ಹರವಿಕೊಳ್ಳುತ್ತಿದ್ದರು. ಈಗ ಸಭಾ ಕೊಠಡಿಯ ಗೋಡೆಗೆ ದೊಡ್ಡ ಟಿವಿ ಬಂದಿದೆ, ಅದರ ಹಿಂದೆ ಅಂಗೈಯಗಲದ ಒಂದು ಬಾಕ್ಸ್ ಕುಳಿತಿದೆ. ಬಂದವರು ತಮ್ಮ ಲ್ಯಾಪ್‌ಟಾಪಿನ ಪರದೆಯನ್ನು ಯಾವ ವೈರೂ ಇಲ್ಲದೆ ಅದರ ಮೂಲಕ ಎಲ್ಲರಿಗೂ ತೋರಿಸುತ್ತಾರೆ. ಅಂಥದೊಂದು ಕಾರ್ಖಾನೆಯ ಕಂಪ್ಯೂಟರ್ ಮತ್ತು ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನನ್ನದು. ಇದೇ ಕೆಲಸದಲ್ಲಿರುವ ಗೆಳೆಯರು ಈ ಬಾಕ್ಸಿನ ಬಗ್ಗೆ ಮೇಲಿಂದ ಮೇಲೆ ಕೇಳುತ್ತಿರುವುದರಿಂದ, ಬ್ರೌಸರಿನಲ್ಲಿ ತೆರೆದು ಅದರ ಸೆಟ್ಟಿಂಗ್ ಬದಲಿಸುವ ಅಡ್ಮಿನ್ ಪುಟದಲ್ಲಿ ಯಾವುದನ್ನು ಏಕೆ ಬದಲಿಸಬೇಕೆಂದು ನಾನು ತಿಳಿದಿರುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಟಿವಿ ಕೂಡಿಸಲು ಬಂದವರೇ ಈ ಬಾಕ್ಸನ್ನೂ ಕೂಡಿಸಿ ಹೋಗುವುದರಿಂದ ಎಲ್ಲರೂ ಅದನ್ನು ಟಿವಿಯ ಜೊತೆಗಿನ ಸಾಮಾನೆಂದೇ ತಿಳಿಯುತ್ತಾರೆ, ಮುಂದಿನ ಬಹುಪಾಲು ತೊಂದರೆಗಳು ಹುಟ್ಟುವುದು ಇಲ್ಲಿಂದಲೇ. ಅದರೊಳಗೆ ಪ್ರೊಸೆಸರ್ ಇದೆ, ಆಪರೇಟಿಂಗ್ ಸಿಸ್ಟಂ ಇದೆ, ವೆಬ್ ಸರ್ವರ್ ಇದೆ, ಸ್ವಂತ ವೈಫೈ ರೇಡಿಯೊ ಇದೆ. ನೆಟ್‌ವರ್ಕಿನ ಲೆಕ್ಕದಲ್ಲಿ ಅದೊಂದು ಸರ್ವರ್. ಸರ್ವರಿಗೆ ಕೊಡುವಷ್ಟು ಎಚ್ಚರವನ್ನು ಅದಕ್ಕೂ ಕೊಡಬೇಕು, ಆದರೆ ಮೊದಲ ಸಲ ನಮ್ಮ ಬಾಗಿಲಿಗೆ ಬಂದ ಅತಿಥಿ ಯಾರನ್ನೂ ಕೇಳದೆ ತನ್ನ ಪರದೆ ತೋರಿಸುವಷ್ಟು ಸುಲಭವಾಗಿಯೂ ಅದು ಇರಬೇಕು. ಈ ಎರಡೂ ಒಟ್ಟಿಗೆ ಸಾಧ್ಯವೆಂಬುದೇ ನನ್ನ ಮಾತು. ಹಾಗೆ ಆಗುವುದೋ ಇಲ್ಲವೋ ಎಂಬುದು ಅಡ್ಮಿನ್ ಪುಟದಲ್ಲಿ ನಾವು ಕಳೆಯುವ ಒಂದೆರಡು ತಾಸಿನ ಮೇಲೆ ನಿಂತಿದೆ.

ಮೊದಲ ಕೆಲಸ ಪಾಸ್‌ವರ್ಡ್. ಬಹಳಷ್ಟು ಬಾಕ್ಸ್‌ಗಳು ಕಾರ್ಖಾನೆಯಿಂದ ಹೊರಡುವಾಗಲೇ ಎಲ್ಲರಿಗೂ ಗೊತ್ತಿರುವ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಹೊತ್ತು ಬರುತ್ತವೆ, ಆ ಜೋಡಿ ಕೈಪಿಡಿಯಲ್ಲಿಯೇ ಅಚ್ಚಾಗಿರುತ್ತದೆ. ಪರದೆಗೆ ಪಿನ್ ಹಾಕಿ ಅಡ್ಮಿನ್ ಪಾಸ್‌ವರ್ಡನ್ನು ಹಾಗೇ ಬಿಡುವುದು ತಲೆಬಾಗಿಲಿಗೆ ಚಿಲಕ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟು ಮಲಗಿದ ಹಾಗೆ. ಇದು ಸುಮ್ಮನೆ ಹೆದರಿಸುವ ಮಾತಲ್ಲ. ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಉಪಕರಣಗಳನ್ನು ಹುಡುಕಿ ವಶಪಡಿಸಿಕೊಳ್ಳುವ ಮಿರಾಯ್ ಎಂಬ ಕುತಂತ್ರಾಂಶ 2016ರಲ್ಲಿ ಕಾಣಿಸಿಕೊಂಡಿತು. ಅದರ ಒಂದು ಹೊಸ ರೂಪ ವೀಪ್ರೆಸೆಂಟ್ ಎಂಬ ವೈರ್‌ಲೆಸ್ ಪ್ರೆಸೆಂಟೇಶನ್ ಸಾಧನವನ್ನೂ ಗುರಿ ಮಾಡಿಕೊಂಡಿರುವುದನ್ನು 2019ರಲ್ಲಿ ಪಾಲೊ ಆಲ್ಟೊ ನೆಟ್‌ವರ್ಕ್ಸ್ ಸಂಶೋಧಕರು ಪ್ರಕಟಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಫಿನ್ಲೆಂಡಿನ ಎಫ್-ಸೆಕ್ಯೂರ್ ಸಂಸ್ಥೆಯವರು ಬಾರ್ಕೊ ಕಂಪನಿಯ ಕ್ಲಿಕ್‌ಶೇರ್ ಎಂಬ ಇಂಥದೇ ವ್ಯವಸ್ಥೆಯಲ್ಲಿ ತಾವು ಕಂಡ ಲೋಪಗಳನ್ನು ಹೊರಗಿಟ್ಟರು. ಕಂಪನಿಯು ಅವುಗಳಲ್ಲಿ ಮುಖ್ಯವಾದವುಗಳಿಗೆ ಹೊಸ ಫರ್ಮ್‌ವೇರ್ (ಬಾಕ್ಸನ್ನು ನಡೆಸುವ ಒಳಗಿನ ತಂತ್ರಾಂಶ) ಬಿಡುಗಡೆ ಮಾಡಿತು, ಆದರೆ ಫರ್ಮ್‌ವೇರನ್ನು ಹಾಕಿಕೊಂಡ ಬಾಕ್ಸ್‌ಗೆ ಮಾತ್ರ ಅದರ ಪ್ರಯೋಜನ. ಆದ್ದರಿಂದ ಹೊಸ ಬಾಕ್ಸ್ ಕೈಗೆ ಬಂದ ಕೂಡಲೇ ಅದನ್ನು ಕಚೇರಿಯ ನೆಟ್‌ವರ್ಕಿಗೆ ಸೇರಿಸುವ ಮೊದಲೇ ಪಾಸ್‌ವರ್ಡ್ ಬದಲಿಸಿ, ಫರ್ಮ್‌ವೇರ್ ಹೊಸದಾಗಿಸಿ, ಅಡ್ಮಿನ್ ಪುಟವು ಮಾಹಿತಿಯನ್ನು ಗುಪ್ತವಾಗಿ ಸಾಗಿಸುವ ಎಚ್‌ಟಿಟಿಪಿಎಸ್ ಮೂಲಕ ಮಾತ್ರ ತೆರೆಯುವಂತೆ ಮಾಡಬೇಕು. ಟೆಲ್‌ನೆಟ್, ಹಳೆಯ ಎಸ್ಎನ್ಎಂಪಿ ಮುಂತಾಗಿ ದೂರದಿಂದ ಸಾಧನವನ್ನು ನೋಡಿಕೊಳ್ಳುವ, ಆದರೆ ನಾವು ಬಳಸದ ಸೇವೆಗಳೇನಾದರೂ ಇದ್ದರೆ ಅವನ್ನು ಅದೇ ಹೊತ್ತಿಗೆ ಆರಿಸಿಬಿಡುವುದು ಒಳಿತು.

ಎರಡನೆಯದು, ಬಾಕ್ಸ್ ಯಾವ ನೆಟ್‌ವರ್ಕಿನಲ್ಲಿ ಇರಬೇಕೆಂಬ ಪ್ರಶ್ನೆ. ಇಡೀ ವಿಷಯದಲ್ಲಿ ಹೆಚ್ಚು ವಿಚಾರ ಬೇಡುವುದು ಇದೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕಚೇರಿಯ ಸಿಬ್ಬಂದಿಯ ಲ್ಯಾಪ್‌ಟಾಪುಗಳು ಒಂದು ವಿಲ್ಯಾನ್‌ನಲ್ಲಿ, ಅತಿಥಿಗಳ ವೈಫೈ ಇನ್ನೊಂದು ವಿಲ್ಯಾನ್‌ನಲ್ಲಿ ಇರುವುದು ವಾಡಿಕೆ. ಒಂದೇ ನೆಟ್‌ವರ್ಕಿನೊಳಗೆ ಗೋಡೆ ಹಾಕಿದಂತೆ ಬೇರ್ಪಡಿಸಿದ ಭಾಗಕ್ಕೆ ವಿಲ್ಯಾನ್ ಎನ್ನುತ್ತಾರೆ. ಬಾಕ್ಸನ್ನು ಸಿಬ್ಬಂದಿಯ ಕಡೆ ಇಟ್ಟರೆ ಅತಿಥಿಗೆ ಕಾಣುವುದಿಲ್ಲ, ಅತಿಥಿಯ ಕಡೆ ಇಟ್ಟರೆ ಸಿಬ್ಬಂದಿಗೆ ಕಾಣುವುದಿಲ್ಲ. ಎರಡು ಕಡೆಗೂ ಕಾಣಲೆಂದು ಅತಿಥಿಗಳನ್ನೇ ಕಚೇರಿಯ ನೆಟ್‌ವರ್ಕಿಗೆ ಸೇರಿಸಿಕೊಳ್ಳುವ ಪದ್ಧತಿಯನ್ನು ಕೆಲವು ಕಡೆ ನೋಡಿದ್ದೇನೆ. ಒಂದು ಪ್ರೆಸೆಂಟೇಶನ್ ತೋರಿಸುವ ಸಲುವಾಗಿ ಲೆಕ್ಕಪತ್ರದ ಸರ್ವರಿನವರೆಗೆ ದಾರಿ ಬಿಟ್ಟುಕೊಡುವ ಈ ಕ್ರಮವನ್ನು ನಾನು ಒಪ್ಪುವುದಿಲ್ಲ. ಸರಿಯಾದ ದಾರಿಯೆಂದರೆ ಸಭಾ ಕೊಠಡಿಯ ಸಾಧನಗಳಿಗೇ ಒಂದು ಪ್ರತ್ಯೇಕ ವಿಲ್ಯಾನ್ ಮಾಡಿ, ಎರಡೂ ಕಡೆಯಿಂದ ಅದರತ್ತ ಬೇಕಾದಷ್ಟೇ ಪೋರ್ಟುಗಳನ್ನು ಫೈರ್‌ವಾಲಿನಲ್ಲಿ ತೆರೆದು, ಬಾಕ್ಸ್ ತಾನಾಗಿ ಕಚೇರಿಯ ಕಡೆಗೆ ಯಾವ ಸಂಪರ್ಕವನ್ನೂ ಶುರು ಮಾಡದಂತೆ ತಡೆಯುವುದು. ಅಡ್ಮಿನ್ ಪುಟವನ್ನಂತೂ ನಮ್ಮ ವಿಭಾಗದ ಕಂಪ್ಯೂಟರುಗಳಿಂದ ಮಾತ್ರ ತೆರೆಯಲು ಬಿಡಬೇಕು.

ಇಷ್ಟು ಮಾಡಿದ ಮೇಲೆ ಮೊದಲು ಕೇಳಿಬರುವ ದೂರು ಒಂದೇ ಒಂದು. "ಸರ್ರ, ಲಿಸ್ಟಿನ್ಯಾಗ ಟಿವಿ ಹೆಸರ ಕಾಣವಲ್ದು ನೋಡ್ರಿ" ಎಂದು ಮಾರ್ಕೆಟಿಂಗ್ ವಿಭಾಗದವರು ಫೋನ್ ಮಾಡುತ್ತಾರೆ. ಬಾಕ್ಸ್ ಕೆಟ್ಟಿರುವುದಿಲ್ಲ, ವೈಫೈ ಕೂಡ ಚೆನ್ನಾಗಿಯೇ ಇರುತ್ತದೆ. ಐಫೋನ್, ಮ್ಯಾಕ್‌ಬುಕ್‌ಗಳು ಬಳಸುವ ಏರ್‌ಪ್ಲೇ ಮತ್ತು ಕ್ರೋಮ್ ಬ್ರೌಸರ್ ಬಳಸುವ ಗೂಗಲ್ ಕಾಸ್ಟ್, ಇವೆರಡೂ ಸಾಧನವನ್ನು ಹುಡುಕುವುದು ಎಂಡಿಎನ್ಎಸ್ ಎಂಬ ವಿಧಾನದಿಂದ. ಲ್ಯಾಪ್‌ಟಾಪ್ 224.0.0.251 ಎಂಬ ವಿಳಾಸಕ್ಕೆ, 5353ನೇ ಯುಡಿಪಿ ಪೋರ್ಟಿನಲ್ಲಿ, "ಇಲ್ಲಿ ಪರದೆ ತೋರಿಸುವವರು ಯಾರಿದ್ದೀರಿ" ಎಂದು ಕೂಗುತ್ತದೆ. ಆ ಕೂಗು ತನ್ನ ವಿಲ್ಯಾನಿನ ಗಡಿ ದಾಟುವುದಿಲ್ಲ, ರೌಟರುಗಳು ಅದನ್ನು ಆಚೆಗೆ ಸಾಗಿಸಬಾರದೆಂಬುದು ಆ ವಿಧಾನದ ನಿಯಮವೇ ಆಗಿದೆ. ಆದ್ದರಿಂದ ವೈಫೈ ಕಂಟ್ರೋಲರಿನಲ್ಲಾಗಲಿ ಫೈರ್‌ವಾಲಿನಲ್ಲಾಗಲಿ ಎಂಡಿಎನ್ಎಸ್ ಗೇಟ್‌ವೇ ಅಥವಾ ರಿಫ್ಲೆಕ್ಟರ್ ಎಂಬ ಸೌಲಭ್ಯವನ್ನು ಚಾಲೂ ಮಾಡಬೇಕಾಗುತ್ತದೆ. ಎಲ್ಲ ಸೇವೆಗಳನ್ನೂ ಆಚೀಚೆ ಹರಿಯಬಿಡದೆ ಏರ್‌ಪ್ಲೇ ಮತ್ತು ಕಾಸ್ಟ್ ಎರಡನ್ನೇ, ಅದೂ ಸಭಾ ಕೊಠಡಿಯ ವಿಲ್ಯಾನಿನಿಂದ ಬಂದವನ್ನಷ್ಟೇ ದಾಟಿಸಿದರೆ ಸಾಕು. ಇಲ್ಲವಾದರೆ ಅತಿಥಿಯ ಫೋನಿನಲ್ಲಿ ಕಚೇರಿಯ ಪ್ರಿಂಟರುಗಳ ಸಾಲು ಸಾಲು ಹೆಸರು ಕಾಣತೊಡಗುತ್ತವೆ.

ಅತಿಥಿಗಳ ವೈಫೈನಲ್ಲಿ ಕ್ಲೈಂಟ್ ಐಸೊಲೇಶನ್ ಎಂಬ ಆಯ್ಕೆ ಸಾಮಾನ್ಯವಾಗಿ ಚಾಲೂ ಇರುತ್ತದೆ. ಒಬ್ಬ ಅತಿಥಿಯ ಸಾಧನ ಇನ್ನೊಬ್ಬರದನ್ನು ಮುಟ್ಟದಂತೆ ಅದು ತಡೆಯುತ್ತದೆ, ಅದನ್ನು ತೆಗೆಯಬಾರದು. ಬಾಕ್ಸ್ ಕೇಬಲ್ ಮೂಲಕ ಬೇರೆ ವಿಲ್ಯಾನಿನಲ್ಲಿದ್ದು ಫೈರ್‌ವಾಲ್ ಮೂಲಕ ಸಿಗುವುದಾದರೆ ಐಸೊಲೇಶನ್ ತೆಗೆಯುವ ಪ್ರಸಂಗವೇ ಬರುವುದಿಲ್ಲ. ಬಾಕ್ಸಿಗೆ ಪ್ರತ್ಯೇಕ ವಿಲ್ಯಾನ್ ಬೇಕೆಂದು ನಾನು ಪಟ್ಟು ಹಿಡಿಯುವುದಕ್ಕೆ ಇದೂ ಒಂದು ಕಾರಣ.

ವಿಂಡೋಸ್ ಲ್ಯಾಪ್‌ಟಾಪಿನ ಕಥೆ ಬೇರೆ. ಅದರಲ್ಲಿ ವಿಂಡೋಸ್ ಕೀ ಜೊತೆ ಕೆ ಒತ್ತಿದರೆ ತೆರೆಯುವ ಪಟ್ಟಿಯು ಮಿರಾಕಾಸ್ಟ್ ಎಂಬ ಪದ್ಧತಿಯನ್ನು ಬಳಸುತ್ತದೆ. ವೈಫೈ ಅಲೈಯನ್ಸ್ 2012ರಲ್ಲಿ ತಂದ ಈ ಪದ್ಧತಿಯಲ್ಲಿ ಲ್ಯಾಪ್‌ಟಾಪ್ ಮತ್ತು ಬಾಕ್ಸ್ ನಡುವೆ ನೇರ ವೈಫೈ ಸಂಪರ್ಕ ಏರ್ಪಡುವುದರಿಂದ ಎರಡೂ ಒಂದೇ ನೆಟ್‌ವರ್ಕಿನಲ್ಲಿ ಇರಬೇಕೆಂದೇನೂ ಇಲ್ಲ. ಅತಿಥಿಗೆ ಇದು ಬಹಳ ಅನುಕೂಲ. ಆದರೆ ಕೊಠಡಿಯ ವೈಫೈ ಜೊತೆಗೆ ಇನ್ನೊಂದು ರೇಡಿಯೊ ಸಂಪರ್ಕ ಸೇರಿಕೊಳ್ಳುವುದರಿಂದ ಜನ ತುಂಬಿದ ಸಭೆಯಲ್ಲಿ ಚಿತ್ರ ತಡವರಿಸುತ್ತದೆ. ವಿಂಡೋಸ್ 10ರ 1703ನೇ ಆವೃತ್ತಿಯಿಂದ ಈಚೆಗೆ ಮಿರಾಕಾಸ್ಟ್ ಓವರ್ ಇನ್‌ಫ್ರಾಸ್ಟ್ರಕ್ಚರ್ ಎಂಬ ಸೌಲಭ್ಯ ಬಂದಿದೆ. ಸಾಧನವನ್ನು ಹುಡುಕುವುದು ವೈಫೈಯಿಂದಲೇ ಆದರೂ ಚಿತ್ರವು ಕಚೇರಿಯ ನೆಟ್‌ವರ್ಕಿನ ಮೂಲಕ ಸಾಗುತ್ತದೆ. ಅದಕ್ಕಾಗಿ ಬಾಕ್ಸಿನಲ್ಲಿ ಈ ಆಯ್ಕೆಯನ್ನು ಚಾಲೂ ಮಾಡಬೇಕು, ಬಾಕ್ಸಿನ ಹೆಸರು, ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್ಎಸ್‌ನಲ್ಲಿ ಸಿಗುವಂತೆ ನೋಡಿಕೊಳ್ಳಬೇಕು ಮತ್ತು ಫೈರ್‌ವಾಲಿನಲ್ಲಿ 7250ನೇ ಟಿಸಿಪಿ ಪೋರ್ಟ್ ಬಿಡಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ವಿಂಡೋಸ್ ಸದ್ದಿಲ್ಲದೆ ಹಳೆಯ ನೇರ ಸಂಪರ್ಕಕ್ಕೇ ಮರಳುವುದರಿಂದ, ಸೆಟ್ಟಿಂಗ್ ಕೆಲಸ ಮಾಡುತ್ತಿದೆಯೇ ಎಂಬುದನ್ನು ಫೈರ್‌ವಾಲಿನ ಲಾಗ್ ನೋಡಿಯೇ ಖಚಿತಪಡಿಸಿಕೊಳ್ಳಬೇಕು.

ಲ್ಯಾಪ್‌ಟಾಪಿಗೆ ಚುಚ್ಚಿ ಒತ್ತಿದರೆ ಪರದೆ ತೋರಿಸುವ ಯುಎಸ್‌ಬಿ ಬಟನ್ ಇರುವ ಮಾದರಿಗಳಲ್ಲಿ ಅತಿಥಿಯ ಕಂಪನಿಯವರು ಯುಎಸ್‌ಬಿ ಡ್ರೈವ್‌ಗಳನ್ನೇ ತಡೆದಿದ್ದರೆ ಬಟನ್ ಪ್ರಯೋಜನಕ್ಕೆ ಬಾರದಿರಬಹುದು, ದೊಡ್ಡ ವಾಹನ ಕಂಪನಿಗಳಿಂದ ಬರುವವರಲ್ಲಿ ಇದು ಸಾಮಾನ್ಯ. ಅವರಿಗಾಗಿ ಏರ್‌ಪ್ಲೇ, ಮಿರಾಕಾಸ್ಟ್ ದಾರಿಗಳು ತೆರೆದಿರಲಿ.

ಬಾಕ್ಸ್ ತನ್ನದೇ ವೈಫೈ ಹೆಸರನ್ನೂ ಬಿತ್ತರಿಸುತ್ತಿರುತ್ತದೆ. ಬಟನ್‌ಗಳಿಗೆ ಅದು ಬೇಕಾಗುವುದಾದರೆ ಇರಲಿ, ಬೇಡವಾದರೆ ಆರಿಸಬೇಕು. ಇರಿಸಿಕೊಂಡರೆ ಅದರ ಪಾಸ್‌ವರ್ಡನ್ನೂ ಬದಲಿಸಿ, ಆಮೇಲೆ ಪ್ರತಿಯೊಂದು ಬಟನ್ನನ್ನು ಬಾಕ್ಸಿನ ಯುಎಸ್‌ಬಿ ಪೋರ್ಟಿಗೆ ಚುಚ್ಚಿ ಮತ್ತೆ ಜೋಡಿಸಿಕೊಳ್ಳಬೇಕು. ದೇಶದ ಆಯ್ಕೆಯಲ್ಲಿ ಭಾರತ ಎಂದಿದೆಯೇ ಎಂದೂ ನೋಡಬೇಕು. 2018ರ ಅಕ್ಟೋಬರಿನ ಅಧಿಸೂಚನೆಯ ನಂತರ ನಮ್ಮಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ 605 ಮೆಗಾಹರ್ಟ್ಸ್ ಜಾಗ ಲೈಸೆನ್ಸ್ ಇಲ್ಲದೆ ಬಳಸಲು ದೊರೆತಿದೆ. ಅದರಲ್ಲಿ 36ರಿಂದ 48ರವರೆಗಿನ ಇಲ್ಲವೆ 149ರಿಂದ 161ರವರೆಗಿನ ಚಾನೆಲ್ಲುಗಳಲ್ಲಿ ಒಂದನ್ನು, ಕಚೇರಿಯ ಆಕ್ಸೆಸ್ ಪಾಯಿಂಟ್ ಬಳಸದಿರುವುದನ್ನು ನೋಡಿ, ಬಾಕ್ಸಿಗೆ ಕೊಟ್ಟರೆ ಜಗಳ ಕಡಿಮೆ.

ಇನ್ನು ಪಿನ್. ಪ್ರತಿ ಸಭೆಗೂ ಬದಲಾಗುವ ನಾಲ್ಕಂಕಿಯ ಪಿನ್ ಟಿವಿಯ ಮೇಲೆ ಕಾಣಿಸಿಕೊಳ್ಳುವುದು ಒಳ್ಳೆಯ ವ್ಯವಸ್ಥೆ, ಕೊಠಡಿಯಲ್ಲಿ ಕುಳಿತವರಿಗೆ ಮಾತ್ರ ಅದು ತಿಳಿಯುತ್ತದೆ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ. ಆದರೆ ಈಗ ಎಲ್ಲೆಡೆ ಸಭಾ ಕೊಠಡಿಗಳಿಗೆ ಗಾಜಿನ ಗೋಡೆ. ಹೊರಗಿನ ಕಾರಿಡಾರಿನಲ್ಲಿ ನಿಂತವರಿಗೂ ಟಿವಿಯ ಮೂಲೆಯ ಪಿನ್ ಸ್ಪಷ್ಟವಾಗಿ ಕಾಣುತ್ತದೆ, ಆ ಗಾಜಿಗೆ ಟಿವಿಯ ಎತ್ತರಕ್ಕೆ ಒಂದು ಮಸುಕಾದ ಹಾಳೆ ಅಂಟಿಸುವುದು ಅಡ್ಮಿನ್ ಪುಟದ ಯಾವ ಸೆಟ್ಟಿಂಗಿಗೂ ಕಡಿಮೆಯಾದ ಕೆಲಸವಲ್ಲ. ಒಬ್ಬರು ತೋರಿಸುತ್ತಿರುವಾಗ ಇನ್ನೊಬ್ಬರು ಸಂಪರ್ಕಿಸಿದರೆ ಏನಾಗಬೇಕೆಂಬ ಆಯ್ಕೆಯನ್ನೂ ವಿಚಾರ ಮಾಡಿ ಹಾಕಬೇಕು. ಎರಡನೆಯವರ ಪರದೆ ಮೊದಲನೆಯವರದನ್ನು ತಳ್ಳಿ ಕೂರುವಂತೆ ಬಿಟ್ಟರೆ ದರದ ಮಾತುಕತೆಯ ನಡುವೆ ಯಾರದೋ ವಾಟ್ಸ್ಯಾಪ್ ಗೋಡೆಗೆ ಬರುತ್ತದೆ. ಗಿರಾಕಿಗಳ ಸಭೆ ನಡೆಯುವ ಕೊಠಡಿಯಲ್ಲಿ ಮಾಡರೇಟರ್, ಅಂದರೆ ಸಭೆ ನಡೆಸುವವರು, ಒಪ್ಪಿದ ಮೇಲೆಯೇ ಪರದೆ ಬದಲಾಗುವಂತೆಯೂ, ಉತ್ಪಾದನಾ ವಿಭಾಗದವರ ದಿನದ ಸಭೆಯ ಕೊಠಡಿಯಲ್ಲಿ ಮುಕ್ತವಾಗಿಯೂ ಇಡುವುದು ನನಗೆ ಸರಿಯೆನಿಸಿದೆ.

ಅಡ್ಮಿನ್ ಪುಟದಲ್ಲಿಯೇ ಸದ್ಯದ ಪರದೆಯ ಚಿಕ್ಕ ಚಿತ್ರ ತೋರಿಸುವ ಸೌಲಭ್ಯ ಕೆಲವು ಮಾದರಿಗಳಲ್ಲಿ ಇದೆ. ದೂರದಿಂದ ತೊಂದರೆ ಪತ್ತೆ ಹಚ್ಚಲು ಅದು ಅನುಕೂಲವೇ. ಆದರೆ ಮುಚ್ಚಿದ ಬಾಗಿಲ ಹಿಂದೆ ನಡೆಯುವ ಸಭೆಯ ಪರದೆಯನ್ನು ನೋಡುವ ಹಕ್ಕು ನಮ್ಮ ವಿಭಾಗಕ್ಕೂ ಇಲ್ಲ. ಅದನ್ನು ಆರಿಸಿಬಿಡಬೇಕು. ಸಭೆ ಮುಗಿದ ಕೂಡಲೇ ಪರದೆಯ ಮೇಲಿನ ಗೀಟು, ಬರಹ, ತಾತ್ಕಾಲಿಕ ಕಡತಗಳೆಲ್ಲ ಅಳಿಯುವ ಆಯ್ಕೆಯನ್ನು ಚಾಲೂ ಮಾಡಬೇಕು.

ಹೆಸರಿನ ವಿಷಯ ಚಿಕ್ಕದಾದರೂ ದಿನವೂ ಕಾಡುವಂಥದ್ದು. ನಮ್ಮ ಕೊಠಡಿಗಳಿಗೆ ಮಲಪ್ರಭಾ, ಘಟಪ್ರಭಾ, ಮಾರ್ಕಂಡೇಯ ಎಂದು ನದಿಗಳ ಹೆಸರಿವೆ. ಸಾಧನದ ಹೆಸರಿನಲ್ಲಿ ಮೊದಲು ಕಂಪನಿಯ ಉದ್ದನೆಯ ಹೆಸರು, ಆಮೇಲೆ ಮಹಡಿ, ಕೊನೆಗೆ ಕೊಠಡಿ ಬಂದರೆ ಫೋನಿನ ಕಿರಿದಾದ ಪಟ್ಟಿಯಲ್ಲಿ ಕೊನೆಯ ಭಾಗವೇ ಕತ್ತರಿಸಿಹೋಗಿ ಎಲ್ಲ ಸಾಧನಗಳೂ ಒಂದೇ ಹೆಸರಿನಂತೆ ಕಾಣುತ್ತವೆ. ಕೊಠಡಿಯ ಹೆಸರೇ ಮೊದಲಿರಲಿ, ಬಾಗಿಲ ಮೇಲಿನ ಫಲಕದಲ್ಲಿ ಇರುವ ಹಾಗೆಯೇ ಇರಲಿ.

ಯಾರೂ ಏನೂ ತೋರಿಸದಿರುವಾಗ ಟಿವಿಯ ಮೇಲೆ ಬರುವ ಸ್ವಾಗತ ಪರದೆಯಲ್ಲಿ ಕನ್ನಡ ಇರಬೇಕೆಂಬುದು ನನ್ನ ಆಗ್ರಹ. ಲೆಕ್ಕಪತ್ರ, ಸ್ಟೋರ್ಸ್, ಗುಣಮಟ್ಟ ತಪಾಸಣೆ ಮುಂತಾದ ವಿಭಾಗಗಳಿಂದ ಬರುವ ನಮ್ಮವರೇ ಎಷ್ಟೋ ಜನ ಇಂಗ್ಲಿಷಿನ ಸೂಚನೆ ನೋಡಿ ಹಿಂದೆ ಸರಿದು ಕೂರುತ್ತಾರೆ, ತಮ್ಮ ಹತ್ತಿರ ತೋರಿಸಬೇಕಾದ ಫೋಟೊ ಇದ್ದರೂ ಸುಮ್ಮನಿರುತ್ತಾರೆ. ಬಾಕ್ಸಿನ ಸಂದೇಶದ ಕಿಟಕಿಯಲ್ಲಿ ನೇರವಾಗಿ ಕನ್ನಡ ಬೆರಳಚ್ಚಿಸಿದರೆ ಫಾಂಟ್ ಇಲ್ಲದ ಮಾದರಿಗಳಲ್ಲಿ ಖಾಲಿ ಚೌಕಗಳು ಬರುತ್ತವೆ, ಫಾಂಟ್ ಇದ್ದೂ ಅಕ್ಷರ ಕೂಡಿಸಲು ಬಾರದ ಮಾದರಿಗಳಲ್ಲಿ ಸ್ವಾಗತ ಎಂಬುದು ಒತ್ತಕ್ಷರ ಕಳಚಿಕೊಂಡು ಸ್‌ವಾಗತ ಎಂದು ನಿಲ್ಲುತ್ತದೆ. ಇದಕ್ಕೆ ಸುಲಭದ ಉಪಾಯವಿದೆ. ಸೂಚನೆಯನ್ನು ಕಂಪ್ಯೂಟರಿನಲ್ಲಿ ನೋಟೊ ಸ್ಯಾನ್ಸ್ ಕನ್ನಡದಂಥ ಫಾಂಟಿನಲ್ಲಿ ಬರೆದು, 1920 ಅಡ್ಡ 1080 ಪಿಕ್ಸೆಲ್ಲಿನ ಚಿತ್ರವಾಗಿ ಉಳಿಸಿ, ಅಡ್ಮಿನ್ ಪುಟದಲ್ಲಿ ಹಿನ್ನೆಲೆ ಚಿತ್ರವಾಗಿ ಏರಿಸಿದರೆ ಒತ್ತುಗಳೆಲ್ಲ ತಮ್ಮ ಜಾಗದಲ್ಲಿ ಬರುತ್ತವೆ. ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್, ಎರಡಕ್ಕೂ ಮೂರು ಸಾಲಿನ ಮಿತಿ, ಬಾಕ್ಸ್ ತಾನೇ ಪಿನ್ ಬರೆಯುವ ಮೂಲೆಯನ್ನು ಖಾಲಿ ಬಿಡುವುದು: ಇಷ್ಟು ನೆನಪಿದ್ದರೆ ಸಾಕು.

ಚಿತ್ರದ ಗುಣಮಟ್ಟದ ಸೆಟ್ಟಿಂಗುಗಳಲ್ಲಿ ನಮ್ಮಂಥ ಕಾರ್ಖಾನೆಗಳಿಗೆ ಮುಖ್ಯವಾದದ್ದು ಬಣ್ಣದ ಗೆರೆಗಳ ಸ್ಪಷ್ಟತೆ. ಡ್ರಾಯಿಂಗಿನಲ್ಲಿ ಅಳತೆಗಳನ್ನು ತೆಳುವಾದ ಕೆಂಪು ಗೆರೆಯಲ್ಲಿ ಬರೆದಿರುತ್ತಾರೆ. ವೈರ್‌ಲೆಸ್ ಮೂಲಕ ಹೋಗುವ ವಿಡಿಯೊ ಸಾಮಾನ್ಯವಾಗಿ 4:2:0 ಎಂಬ ಪದ್ಧತಿಯಲ್ಲಿ ಅಡಕವಾಗುತ್ತದೆ. ಅದರಲ್ಲಿ ಬೆಳಕಿನ ಮಾಹಿತಿ ಪ್ರತಿ ಪಿಕ್ಸೆಲ್ಲಿಗೂ ಇದ್ದರೆ ಬಣ್ಣದ ಮಾಹಿತಿ ನಾಲ್ಕು ಪಿಕ್ಸೆಲ್ಲಿಗೆ ಒಂದರಂತೆ ಮಾತ್ರ ಉಳಿಯುತ್ತದೆ. ಯಂತ್ರದ ಫೋಟೊಗೆ ಇದರಿಂದ ಏನೂ ನಷ್ಟವಿಲ್ಲ. ಆದರೆ ಒಂದು ಪಿಕ್ಸೆಲ್ ದಪ್ಪದ ಕೆಂಪು ಅಂಕಿಯ ಅಂಚು ಕಲಸಿಹೋಗಿ ±0.03 ಎಂಬುದು ±0.08 ಎಂದು ಓದಿಸಿಕೊಳ್ಳುವ ಸಂಭವ ನಿಜವಾಗಿಯೂ ಇದೆ, ಬೇರಿಂಗ್ ಕೂರುವ ರಂಧ್ರದ ವಿಷಯದಲ್ಲಿ ಆ ವ್ಯತ್ಯಾಸ ಚಿಕ್ಕದಲ್ಲ. ಅಡ್ಮಿನ್ ಪುಟದಲ್ಲಿ ವಿಡಿಯೊ ಮತ್ತು ಪಠ್ಯ ಎಂಬ ಎರಡು ಬಗೆಯ ಆಯ್ಕೆ ಇದ್ದರೆ ಪಠ್ಯದ ಕಡೆಗೆ ಇಡಬೇಕು; ಚಲನೆ ಕೊಂಚ ಕುಂಟಿದರೂ ಅಕ್ಷರ ನಿಚ್ಚಳವಾಗುತ್ತದೆ. ಡ್ರಾಯಿಂಗಿಗೆ ಒಪ್ಪಿಗೆಯ ಸಹಿ ಬೀಳುವ ಸಭೆಗಾದರೆ ಮೇಜಿನ ಮೇಲೆ ಒಂದು ಎಚ್‌ಡಿಎಂಐ ಕೇಬಲ್ ಇಟ್ಟಿರುವುದೇ ಯೋಗ್ಯ. ಟಿವಿ 4ಕೆ ಆಗಿದ್ದರೆ, ಸೆಕೆಂಡಿಗೆ 60 ಚೌಕಟ್ಟಿನ ಪೂರ್ಣ ಬಣ್ಣದ ಚಿತ್ರಕ್ಕೆ ಎಚ್‌ಡಿಎಂಐ 2.0ರ 18 ಗಿಗಾಬಿಟ್ ವೇಗ ತಾಳುವ ಕೇಬಲ್ ಬೇಕಾಗುತ್ತದೆ. ಗೋಡೆಯೊಳಗೆ ಹಳೆಯ ಉದ್ದನೆಯ ಕೇಬಲ್ ಹೂತಿರುವ ಕಡೆ ರೆಸಲ್ಯೂಶನ್ನನ್ನು 1080ಕ್ಕೆ ಕಟ್ಟಿಹಾಕುವುದರಿಂದ ಪರದೆ ಮಿನುಗುವುದು ನಿಲ್ಲುತ್ತದೆ.

ಕರೆಂಟಿನ ವಿಷಯವನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ. ಕರೆಂಟ್ ಹೋಗಿ ಬಂದಾಗ ಬಾಕ್ಸ್ ಬೇಗನೆ ಎದ್ದು, ನೆಟ್‌ವರ್ಕ್ ಸ್ವಿಚ್ ಇನ್ನೂ ಎದ್ದಿರದಿದ್ದರೆ, ಬಾಕ್ಸಿಗೆ ವಿಳಾಸ ಸಿಗದೆ ಅದು ಹಾಗೇ ಅನಾಥವಾಗಿ ಕೂರುವುದುಂಟು. ಸ್ವಿಚ್ಚನ್ನು ಯುಪಿಎಸ್ ಮೇಲೆ ಇಟ್ಟರೆ ಇದು ತಪ್ಪುತ್ತದೆ. ಬಾಕ್ಸಿನ ವಿಳಾಸ ಬದಲಾಗದಿರಲೆಂದು, ವಿಳಾಸ ಹಂಚುವ ಡಿಎಚ್‌ಸಿಪಿಯಲ್ಲಿ ಅದಕ್ಕೆ ಮೀಸಲು ವಿಳಾಸವನ್ನೂ ಕೊಡಬೇಕು. ಹೊಸ ಫರ್ಮ್‌ವೇರ್ ತಾನಾಗಿ ಬರಲೆಂದು ರಾತ್ರಿ ಎರಡು ಗಂಟೆಯ ಸಮಯ ಇಟ್ಟಿರುತ್ತಾರೆ, ಆದರೆ ಸಂಜೆ ಕಚೇರಿ ಮುಚ್ಚುವವರು ಕೊಠಡಿಯ ಮೇನ್ ಸ್ವಿಚ್ಚನ್ನೇ ಆರಿಸಿ ಹೋಗುತ್ತಾರೆ. ಹೀಗಾಗಿ ಅಪ್‌ಡೇಟ್ ವರ್ಷಗಟ್ಟಲೆ ಆಗುವುದೇ ಇಲ್ಲ. ಅದನ್ನು ಊಟದ ಹೊತ್ತಿಗೆ ಬದಲಿಸಬೇಕು. ಗಡಿಯಾರದ ಬ್ಯಾಟರಿ ಇಲ್ಲದ ಬಾಕ್ಸ್ ಹೀಗೆ ಆರಿ ಹೊತ್ತಿದಾಗ ಹಳೆಯ ದಿನಾಂಕದಿಂದ ಶುರು ಮಾಡುತ್ತದೆ, ದಿನಾಂಕ ತಪ್ಪಿದರೆ ಪ್ರಮಾಣಪತ್ರಗಳು ಸಿಂಧುವಲ್ಲವೆಂದು ಸಂಪರ್ಕ ನಿರಾಕರಿಸುತ್ತದೆ. ಸಮಯ ಸರ್ವರನ್ನು ನಮೂದಿಸಿ ವಲಯವನ್ನು ಭಾರತೀಯ ಕಾಲಮಾನಕ್ಕೆ ಇಡುವುದು ಅದಕ್ಕಾಗಿಯೇ. ದೇಶದ ಸೈಬರ್ ಸುರಕ್ಷತೆಯ ಸರ್ಕಾರಿ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು ತಮ್ಮ ವ್ಯವಸ್ಥೆಗಳ ಗಡಿಯಾರವನ್ನು ಎನ್ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ಎನ್‌ಪಿಎಲ್ (ರಾಷ್ಟ್ರೀಯ ಭೌತವಿಜ್ಞಾನ ಪ್ರಯೋಗಾಲಯ) ಸಮಯ ಸರ್ವರುಗಳಿಗೆ, ಇಲ್ಲವೆ ಅವುಗಳಿಗೆ ಹೊಂದಿಕೊಂಡ ಸರ್ವರಿಗೆ ಜೋಡಿಸಬೇಕು ಮತ್ತು ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಬಾಕ್ಸಿನ ನೆನಪಿನಲ್ಲಿ ಅಷ್ಟು ದಿನದ ಲಾಗ್ ನಿಲ್ಲುತ್ತದೆಂದು ನಂಬಿ ಕೂರುವಂತಿಲ್ಲ; ಲಾಗ್ ಕಳಿಸುವ ಸಿಸ್‌ಲಾಗ್ ಸೌಲಭ್ಯಕ್ಕೆ ವಿಳಾಸ ಕೊಟ್ಟು, ಫೈರ್‌ವಾಲಿನಲ್ಲಿ ಅದೊಂದಕ್ಕೆ ಮಾತ್ರ ವಿನಾಯಿತಿ ಇಟ್ಟು, ಅವನ್ನು ಕಚೇರಿಯ ಸರ್ವರಿಗೆ ಕಳಿಸುವಂತೆ ಮಾಡಬೇಕು.

ಎಲ್ಲ ಮುಗಿದ ಮೇಲೆ ಒಂದು ವಿಂಡೋಸ್ ಲ್ಯಾಪ್‌ಟಾಪ್, ಒಂದು ಐಫೋನ್, ಒಂದು ಆಂಡ್ರಾಯ್ಡ್ ಫೋನ್ ಹಿಡಿದು, ಅತಿಥಿಗಳ ವೈಫೈಯಿಂದಲೇ, ಸಭೆಗೆ ಬರುವವರು ಕೂರುವ ಕುರ್ಚಿಯಲ್ಲಿ ಕೂತು ಪರದೆ ತೋರಿಸಿ ನೋಡಬೇಕು. ಆಂಡ್ರಾಯ್ಡ್ ಫೋನುಗಳಲ್ಲಿ ಕೆಲವು ಮಿರಾಕಾಸ್ಟನ್ನೂ ಕೆಲವು ಕಾಸ್ಟನ್ನೂ ಮಾತ್ರ ಬಲ್ಲವಾದ್ದರಿಂದ ಬೇರೆ ಬೇರೆ ಕಂಪನಿಯ ಫೋನ್ ಸಿಕ್ಕರೆ ಇನ್ನೂ ಒಳ್ಳೆಯದು. ಬಳಿಕ ಅಡ್ಮಿನ್ ಪುಟದಿಂದ ಸೆಟ್ಟಿಂಗುಗಳ ಬ್ಯಾಕಪ್ ಕಡತವನ್ನು ಇಳಿಸಿಕೊಂಡು, ಹೆಸರಿನಲ್ಲಿ ಕೊಠಡಿ, ದಿನಾಂಕ, ಫರ್ಮ್‌ವೇರ್ ಆವೃತ್ತಿ ಬರೆದು ಸರ್ವರಿನಲ್ಲಿ ಇಡಬೇಕು. ಪಾಸ್‌ವರ್ಡ್ ವಿಭಾಗದ ಪಾಸ್‌ವರ್ಡ್ ಮ್ಯಾನೇಜರಿನಲ್ಲಿ ಇರಲಿ, ಒಬ್ಬರ ತಲೆಯಲ್ಲಿ ಬೇಡ. ಅವರು ಊರಿಗೆ ಹೋದ ದಿನವೇ ಯಾರೋ ಬಾಕ್ಸಿನ ರೀಸೆಟ್ ರಂಧ್ರಕ್ಕೆ ಪಿನ್ನು ಚುಚ್ಚುತ್ತಾರೆ, ಆಗ ಆ ಬ್ಯಾಕಪ್ ಕಡತವೂ ಪಾಸ್‌ವರ್ಡೂ ಎರಡೂ ಬೇಕಾಗುತ್ತವೆ.